ತೋಟದ ಮನೆಯ ಹೋಂಸ್ಟೇಗೆ ನಾಯಿ ಕರೆದುಕೊಂಡು ಬರುವವರಿಗೆ ಜಾಗ ಕೊಡಬೇಕೆಂದಿದ್ದೇವೆ. ಏನೇನು ತಯಾರಿ ಬೇಕು?

ಪೆರ್ಲದ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ಅಂಗಳದ ಆಚೆ ಬದಿಯಲ್ಲಿ ಹಿಂದೆ ಅಡಿಕೆ ತುಂಬಿಸಿಡುತ್ತಿದ್ದ ಹಂಚಿನ ಕಟ್ಟಡ ಇದೆ. ಅದನ್ನು ರಿಪೇರಿ ಮಾಡಿ ಎರಡು ಕೋಣೆ, ಬಚ್ಚಲು, ಒಂದು ಜಗಲಿ ಮಾಡಿ ಹೋಂಸ್ಟೇಗೆ ಕೊಡುತ್ತಿದ್ದೇವೆ. ಬರುವವರು ಹೆಚ್ಚಾಗಿ ಬೆಂಗಳೂರು, ಮೈಸೂರಿನವರು. ಮೂಲ ನಮ್ಮ ಊರಿನವರೇ ಆಗಿ, ಈಗ ಇಲ್ಲಿ ಮನೆ ಇಲ್ಲದವರೂ ಬರುತ್ತಾರೆ.

ಫೋನ್ ಮಾಡಿದವರಲ್ಲಿ ತುಂಬಾ ಜನ ಮೊದಲು ಕೇಳುವುದು ಒಂದೇ, "ನಾಯಿ ತರಬಹುದಾ?" ಇಷ್ಟರವರೆಗೆ ಇಲ್ಲ ಎನ್ನುತ್ತಿದ್ದೆವು. ಆದರೆ ಹಾಗೆ ಹೇಳುವಾಗ ಮನಸ್ಸಿಗೆ ಸಮಾಧಾನ ಇಲ್ಲ. ನಾಯಿಯನ್ನು ಎಲ್ಲಿ ಬಿಡುವುದು ಎಂದು ಗೊತ್ತಾಗದೆ ವರ್ಷಗಟ್ಟಲೆ ಊರಿಗೇ ಬಾರದವರು ನನ್ನ ನೆಂಟರಲ್ಲೇ ಇದ್ದಾರೆ.

ಅಪ್ಪನಿಗೆ ಅಡಿಕೆಯ ಚಿಂತೆ. ದೀಪಾವಳಿ ಕಳೆದರೆ ಅಂಗಳ ಪೂರ್ತಿ ಅಡಿಕೆ ಹರಡಿರುತ್ತದೆ, ಅದರ ಮೇಲೆ ನಾಯಿ ಓಡಿದರೆ, ಕಾಲೆತ್ತಿದರೆ ಏನು ಮಾಡುವುದು? ಅಮ್ಮನಿಗೆ ಅಡುಗೆಮನೆ, ದೇವರ ಕೋಣೆಯದ್ದು. ನನಗೆ ನಮ್ಮ ಬೊಗ್ಗನದ್ದು. ಊರಿನ ನಾಯಿ, ಇಡೀ ತೋಟ ತನ್ನದು ಎಂದುಕೊಂಡವನು. ಹಟ್ಟಿಯಲ್ಲಿ ಎರಡು ಕಾಸರಗೋಡು ಗಿಡ್ಡ ದನಗಳೂ ಇವೆ.

ನಾಯಿ ಸಾಕಿದವರು, ತೋಟ ಇರುವವರು, ಇಂಥ ಮನೆಗಳಲ್ಲಿ ಉಳಿದವರು ದಯವಿಟ್ಟು ಹೇಳಿ.

ಜೂಲಿಯ ಮನೆ, ಬಸವನಗುಡಿ

ಮನೆಯವರೇ ಮುಂದಾಗಿ ಕೇಳಿದ್ದು ನೋಡಿ ಖುಷಿಯಾಯಿತು. ನಾನು ಬರುವವರ ಕಡೆಯಿಂದ ಹೇಳುತ್ತೇನೆ.

ನಮ್ಮ ಜೂಲಿ ಲ್ಯಾಬ್ರಡಾರ್. ಎಷ್ಟೋ ಕಡೆ ಫೋನಿನಲ್ಲಿ "ನಾಯಿಗೆ ಏನೂ ತೊಂದರೆ ಇಲ್ಲ" ಎಂದವರು, ನಾವು ಹೋಗಿ ಇಳಿದ ಮೇಲೆ "ಅಲ್ಲಿ ಕಾರ್ ಶೆಡ್ಡಿನ ಕಂಬಕ್ಕೆ ಕಟ್ಟಿ" ಎಂದಿದ್ದಾರೆ. ಮನೆಯೊಳಗೇ ಬೆಳೆದ ನಾಯಿ ಗುರುತಿಲ್ಲದ ಜಾಗದಲ್ಲಿ, ಕತ್ತಲೆಯಲ್ಲಿ, ಒಂಟಿಯಾಗಿ ಇರುವುದಿಲ್ಲ. ರಾತ್ರಿಯಿಡೀ ಅಳುತ್ತದೆ. ನಮಗೂ ನಿದ್ದೆ ಇಲ್ಲ, ಆ ಮನೆಯವರಿಗೂ ಇಲ್ಲ.

ಅದಕ್ಕೆ ನನ್ನ ಮೊದಲ ಮಾತು: ಏನಾಗುತ್ತದೆ, ಏನಾಗುವುದಿಲ್ಲ ಎಂದು ಬುಕಿಂಗ್ ಮಾಡುವಾಗಲೇ ಬಿಚ್ಚಿ ಹೇಳಿ. ಕೋಣೆಯೊಳಗೆ ಬಿಡುತ್ತೀರಾ? ಜಗಲಿವರೆಗೆ ಮಾತ್ರವಾ? ಮಂಚ ಹತ್ತಬಹುದಾ? ಸುತ್ತ ಬೇಲಿ ಇದೆಯಾ? ಮನೆಯಲ್ಲಿ ಬೇರೆ ನಾಯಿ, ಬೆಕ್ಕು, ಕೋಳಿ ಇವೆಯಾ? ನಿಯಮ ಬಿಗಿಯಾಗಿದ್ದರೆ ನಮಗೆ ಬೇಸರ ಇಲ್ಲ. ಮೊದಲೇ ಗೊತ್ತಿದ್ದರೆ ನಾವು ಅದಕ್ಕೆ ತಕ್ಕ ಹಾಗೆ ಹೊರಡುತ್ತೇವೆ, ಅಥವಾ ಬೇರೆ ಕಡೆ ನೋಡುತ್ತೇವೆ.

ಇನ್ನೊಂದು, ನೆಲ. ನುಣುಪು ಟೈಲ್ಸ್ ಮೇಲೆ ವಯಸ್ಸಾದ ನಾಯಿಗಳ ಹಿಂಗಾಲು ಜಾರುತ್ತದೆ. ನಿಮ್ಮದು ಹಳೆಯ ಕೆಂಪು ಸಿಮೆಂಟಿನ ನೆಲವಾದರೆ ಹಾಗೇ ಉಳಿಸಿಕೊಳ್ಳಿ. ಅದು ತಂಪೂ ಹೌದು, ಒರೆಸುವುದೂ ಸುಲಭ. ಮಂಚಕ್ಕೆ ಒಗೆಯಲು ಸುಲಭವಾದ ದಪ್ಪ ಹತ್ತಿ ಹೊದಿಕೆ ಸಾಕು. ಜಗಲಿ ಪಕ್ಕ ಒಂದು ನಲ್ಲಿ, ಎರಡು ಹಳೆಯ ಬೈರಾಸು ಇಡಿ. ಕೆಸರು ಕಾಲು ತೊಳೆದು ಒರೆಸಿಯೇ ಒಳಗೆ ಹೋಗಬಹುದು. ದೊಡ್ಡ ಖರ್ಚು ಏನೂ ಇಲ್ಲ.

ಎಣ್ಮಕಜೆ ಕೃಷಿಕ

ನಿಮ್ಮ ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಮಾರಾಯರೆ. ತೋಟ ಎಂದರೆ ನಮಗೆ ಅನ್ನ. ಆಟದ ಬಯಲು ಅಲ್ಲ.

ನಾನು ನಾಯಿ ವಿರೋಧಿ ಅಲ್ಲ, ನಮ್ಮಲ್ಲೂ ಎರಡು ಇವೆ. ಆದರೆ ಊರಿನ ನಾಯಿಗೆ ಅಡಿಕೆ ಹರಡಿದ ಜಾಗ ಬಿಟ್ಟು ಬದಿಯಲ್ಲಿ ನಡೆಯಲು ಗೊತ್ತು. ಅದು ಹುಟ್ಟಿದಾಗಿನಿಂದ ನೋಡಿದ್ದು. ಪೇಟೆಯಿಂದ ಬಂದದ್ದಕ್ಕೆ ಅಷ್ಟು ದೊಡ್ಡ ಅಂಗಳ ಕಂಡ ಕೂಡಲೇ ಓಡಬೇಕೆನಿಸುತ್ತದೆ. ಅದು ಸಹಜ. ಅದಕ್ಕೆ ಬೈದು ಫಲ ಇಲ್ಲ, ಜಾಗವನ್ನೇ ಬೇರೆ ಮಾಡಬೇಕು. ಕಟ್ಟಡದ ಹಿಂದೆ ಒಂದೈದು ಸೆಂಟ್ಸ್ ಜಾಗ ಇದ್ದರೆ ಅದಕ್ಕೆ ಬಲೆ ಬೇಲಿ ಹಾಕಿ ನಾಯಿಗಳಿಗೆ ಬಿಡಿ. ಮುಂದಿನ ಅಂಗಳ ಅಡಿಕೆಗೇ ಇರಲಿ.

ಬೇಲಿ ಐದಡಿ ಎತ್ತರ ಇರಲಿ. ಬಲೆಯ ಬುಡವನ್ನು ಮಣ್ಣಿನೊಳಗೆ ಸ್ವಲ್ಪ ಇಳಿಸಿ, ಮೇಲೆ ಮುರಕಲ್ಲು ಇಡಿ. ಇಲ್ಲದಿದ್ದರೆ ಒಕ್ಕಿ ನುಸುಳುತ್ತವೆ. ಮುಳ್ಳುತಂತಿ ಬೇಡವೇ ಬೇಡ, ಮೈ ಹರಿದುಕೊಳ್ಳುತ್ತವೆ.

ದನಗಳ ವಿಷಯ. ಗಿಡ್ಡ ದನ ನೋಡಲು ಸಣ್ಣದು, ಆದರೆ ಕರು ಇದ್ದರೆ ಹತ್ತಿರ ಬಂದ ನಾಯಿಯನ್ನು ಬಿಡುವುದಿಲ್ಲ, ಹಾಯುತ್ತದೆ. ಹಟ್ಟಿಯ ಕಡೆಗೆ ಗೇಟು ಇರಲಿ.

ಕೆಲಸದವರನ್ನೂ ಕೇಳಿ. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಬೆಳಿಗ್ಗೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುವವರ ಎದುರಿಗೆ ಗುರುತಿಲ್ಲದ ದೊಡ್ಡ ನಾಯಿ ಓಡಿಬಂದರೆ, ಅದು ಕಚ್ಚದಿದ್ದರೂ ಅವರು ಬೀಳುತ್ತಾರೆ. ಮರುದಿನ ಕೆಲಸಕ್ಕೆ ಬರುವುದಿಲ್ಲ. ಅದು ಅವರ ತಪ್ಪಲ್ಲ.

ಮುಳ್ಳೇರಿಯ ಪಶುವೈದ್ಯೆ

ನಾನು ಈ ಕಡೆಯಲ್ಲೇ ನಾಯಿ, ದನಗಳಿಗೆ ಮದ್ದು ಮಾಡುವವಳು. ನಾಯಿಯಿಂದ ತೋಟಕ್ಕೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೀರಿ. ತೋಟದಿಂದ ನಾಯಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಕೊಕ್ಕೋ. ಅಡಿಕೆಯ ನಡುವೆ ನಮ್ಮಲ್ಲಿ ಸುಮಾರು ತೋಟಗಳಲ್ಲಿ ಕೊಕ್ಕೋ ಇದೆ. ನಾಯಿಗೆ ಚಾಕಲೇಟು ವಿಷ ಎಂದು ಪೇಟೆಯವರಿಗೆಲ್ಲ ಗೊತ್ತು. ಆ ಚಾಕಲೇಟು ಆಗುವುದೇ ಈ ಬೀಜದಿಂದ. ವಿಷವಾಗುವ ಥಿಯೋಬ್ರೋಮಿನ್ ಅಂಗಡಿಯ ಹಾಲು ಚಾಕಲೇಟಿಗಿಂತ ಒಣಗಿದ ಬೀಜದಲ್ಲಿ ತುಂಬಾ ಜಾಸ್ತಿ. 10 ಕೆ.ಜಿ. ತೂಕದ ನಾಯಿ ಒಂದು ಹಿಡಿ ಒಣ ಬೀಜ ತಿಂದರೂ ಎದೆಬಡಿತ ಏರಿ, ಮೈ ನಡುಗಿ, ಸೆಳೆತ ಬರಬಹುದು. ಕೊಕ್ಕೋ ಹುಳಿಬರಿಸಲು ಇಟ್ಟ ಬುಟ್ಟಿ, ಒಣಗಲು ಹಾಕಿದ ಬೀಜ ನಾಯಿಗೆ ಎಟಕಬಾರದು.

ಎರಡನೆಯದು ಹರಳು ಹಿಂಡಿ. ಅಡಿಕೆ ಬುಡಕ್ಕೆ ಹಾಕುತ್ತೇವಲ್ವಾ. ಅದರ ವಾಸನೆ ನಾಯಿಗಳಿಗೆ ಬಹಳ ಇಷ್ಟ, ಎಲುಬಿನ ಪುಡಿ ಜೊತೆಗಿದ್ದರೆ ಇನ್ನೂ ಇಷ್ಟ. ಬುಡ ಒಕ್ಕಿ ತಿನ್ನುತ್ತವೆ. ಹರಳಿನ ಬೀಜದಲ್ಲಿ ರಿಸಿನ್ ಎಂಬ ವಿಷ ಇದೆ. ಹಿಂಡಿಯನ್ನು ಸರಿಯಾಗಿ ಬಿಸಿ ಮಾಡದಿದ್ದರೆ ಅದು ಉಳಿದುಕೊಳ್ಳುತ್ತದೆ. ತಿಂದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟು ವಾಂತಿ, ರಕ್ತಭೇದಿ ಶುರುವಾಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ, ಗ್ಲೂಕೋಸ್ ಕೊಟ್ಟು ಆರೈಕೆ ಮಾಡುವುದು ಮಾತ್ರ. ಗೊಬ್ಬರ ಹಾಕಿದ ತೋಟಕ್ಕೆ ಅತಿಥಿ ನಾಯಿಯನ್ನು ಬಿಡಲೇಬೇಡಿ. ಮೂಟೆ ಇರುವ ಕೋಣೆಗೆ ಬಾಗಿಲು ಹಾಕಿ.

ಅಡಿಕೆಯೂ ನಾಯಿಗೆ ಆಗುವುದಿಲ್ಲ. ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಬೀಳಿಸಲು ಕೊಡುತ್ತಿದ್ದ ಮದ್ದು ಅಡಿಕೆಯಲ್ಲಿರುವ ಅರೆಕೋಲಿನ್ನೇ. ಅಷ್ಟು ಜೋರಾಗಿ ಕರುಳನ್ನು ಹಿಂಡುತ್ತದೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಲ್ಯಾಬ್ರಡಾರ್ ಮರಿಗಳಿಗೆ ಬಿದ್ದ ಹಣ್ಣಡಿಕೆ ಚೆಂಡಿನ ಹಾಗೆ ಕಾಣುತ್ತದೆ. ಬಾಯಲ್ಲಿ ನೊರೆ, ವಾಂತಿ, ಭೇದಿ ಕಂಡರೆ ತಡ ಮಾಡಬೇಡಿ. ಗೇರುಬೀಜ ಬೀಳುವ ತಿಂಗಳುಗಳಲ್ಲಿ ಹಸಿ ಬೀಜ ಜಗಿದರೆ ಸೊನೆ ತಾಗಿ ತುಟಿ, ನಾಲಗೆ ಸುಡುತ್ತದೆ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಕಲಸುತ್ತೀರಿ. ಡ್ರಮ್ಮಿನ ಬುಡದಲ್ಲಿ ಉಳಿದ ನೀಲಿ ನೀರು, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ನಾಯಿ ನೆಕ್ಕಬಾರದು. ರಬ್ಬರ್ ಇದ್ದರೆ ಶೀಟ್ ಮಾಡುವ ಆ್ಯಸಿಡ್ ಮೇಲೆ ಎತ್ತಿಡಿ. ಇಲಿ ಪಾಷಾಣ ಇಡುವ ಮನೆಯಾದರೆ ಎಲ್ಲಿ ಇಟ್ಟಿದ್ದೀರಿ ಎಂದು ಅತಿಥಿಗೆ ತೋರಿಸಿ.

ಒಂದು ಮುಖ್ಯ ಮಾತು. ವಿಷ ತಿಂದಿತು ಎಂದು ಉಪ್ಪುನೀರು ಕುಡಿಸಬೇಡಿ. ನಮ್ಮಲ್ಲಿ ಅದು ರೂಢಿ, ಆದರೆ ಉಪ್ಪೇ ಜೀವಕ್ಕೆ ಅಪಾಯ ತರಬಹುದು. ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳಿ, ಹೊರಡಿ.

ಜೂಲಿಯ ಮನೆ, ಬಸವನಗುಡಿ

ಡಾಕ್ಟ್ರೇ, ಇದನ್ನು ಓದಿ ಎದೆ ಝಲ್ ಎಂದಿತು. ಹರಳು ಹಿಂಡಿಯದ್ದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ತೋಟದಲ್ಲಿ ನಾಯಿ ತಿರುಗಾಡುವುದೇ ಬೇಡವಾ? ಮರದ ನೆರಳು, ತೋಡಿನ ನೀರು, ಅದಕ್ಕೇ ಅಲ್ವಾ ನಾವು ಅಷ್ಟು ದೂರದಿಂದ ಬರುವುದು.

ಮುಳ್ಳೇರಿಯ ಪಶುವೈದ್ಯೆ

ಬೇಕು, ಖಂಡಿತ ಬೇಕು. ಉದ್ದ ಹಗ್ಗದಲ್ಲಿ, ಮನೆಯವರಲ್ಲಿ ಒಬ್ಬರು ಜೊತೆಗೆ ಇದ್ದುಕೊಂಡು. ಯಾವ ಬದಿಗೆ ಗೊಬ್ಬರ ಹಾಕಿದೆ, ಯಾವ ಬಾವಿಗೆ ಕಟ್ಟೆ ಇಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ನಾಯಿಗೆ ಬೇಕಾದದ್ದು ಮೂಸಿ ನೋಡುವುದು. ಹೊಸ ತೋಟದಲ್ಲಿ ನಿಧಾನವಾಗಿ ಮೂಸುತ್ತಾ ಅರ್ಧ ಗಂಟೆ ನಡೆದರೆ ಅದಕ್ಕೆ ಸಂತೋಷವೂ ಹೌದು, ಆಯಾಸವೂ ಹೌದು.

ಇನ್ನು ಬರುವ ಮೊದಲಿನ ತಯಾರಿ. ರೇಬಿಸ್ ಚುಚ್ಚುಮದ್ದು ಆ ವರ್ಷದ್ದು ಆಗಿರಬೇಕು. ಅದಿಲ್ಲದ ನಾಯಿಯನ್ನು ಒಳಗೆ ಬಿಡಬೇಡಿ, ಸಂಕೋಚವೇ ಬೇಡ. ಡಿಸ್ಟೆಂಪರ್, ಪಾರ್ವೋ ಜೊತೆ ಇಲಿಜ್ವರದ ಲಸಿಕೆಯೂ ಇರಲಿ. ತೋಟದ ಒದ್ದೆ ನೆಲ, ನಿಂತ ನೀರಿನಿಂದ ಇಲಿಜ್ವರ ನಾಯಿಗೆ ಬಂದರೆ, ಅದರ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಉಣ್ಣಿಗೆ ಮಾತ್ರೆ ಅಥವಾ ಹನಿಮದ್ದು ಹೊರಡುವ ಕೆಲವು ದಿನ ಮೊದಲೇ ಆಗಬೇಕು. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿನಲ್ಲಿ, ಬಾಲದ ಬುಡದಲ್ಲಿ ನೋಡಿ. ಮನೆಗೆ ಹೋಗಿ ಒಂದೆರಡು ವಾರ ಬಿಟ್ಟು ನಾಯಿ ಊಟ ಬಿಟ್ಟು ಮಲಗಿದರೆ, ಜ್ವರ ಇದ್ದರೆ, ಡಾಕ್ಟರಿಗೆ "ಕಾಸರಗೋಡು ಕಡೆಯ ತೋಟಕ್ಕೆ ಹೋಗಿದ್ದೆವು" ಎಂದು ಹೇಳಿ. ಉಣ್ಣಿಜ್ವರದ ರಕ್ತಪರೀಕ್ಷೆ ಬೇಗ ಆಗುತ್ತದೆ.

ಪೆರ್ಲದವರೇ, ನಿಮ್ಮ ಬೊಗ್ಗನಿಗೂ ಇವೆಲ್ಲ ಆಗಿರಬೇಕು. ಬಂದ ನಾಯಿಯಿಂದ ಅವನಿಗೆ ರೋಗ ಬರುವುದೂ ಅಷ್ಟೇ ನಿಜ.

ಪೆರ್ಲದ ತೋಟ

ಡಾಕ್ಟ್ರಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಅಪ್ಪನಿಗೆ ಓದಿ ಹೇಳಿದೆ. ಹಿಂಡಿಯ ಮೂಟೆಗಳನ್ನು ಅವರೇ ಇವತ್ತು ಮಾಳಿಗೆ ಕೋಣೆಗೆ ಸಾಗಿಸಿದರು. ಬೊಗ್ಗನಿಗೆ ರೇಬಿಸ್ ಆಗಿದೆ, ಉಳಿದದ್ದು ಈ ವಾರ ಮಾಡಿಸುತ್ತೇನೆ.

ಒಂದು ಹೇಳಲು ಮರೆತೆ. ನಮಗೆ ಕುಡಿಯುವ ನೀರು ಸುರಂಗದ್ದು, ಎಂದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದದ್ದು. ಗುಡ್ಡೆಯ ಬದಿಯಿಂದ ಬಂದು ಮಣ್ಣಿನ ಕೆರೆಯಲ್ಲಿ ನಿಂತು ಪೈಪಿನಲ್ಲಿ ಮನೆಗೆ ಬರುತ್ತದೆ. ಅಲ್ಲಿಗೂ ಬೇಲಿ ಬೇಕಲ್ವಾ?

ಎಣ್ಮಕಜೆ ಕೃಷಿಕ

ಬೇಕೇ ಬೇಕು. ನೀರು ಕಂಡರೆ ಹಾರುವ ನಾಯಿಗಳು ಇರುತ್ತವೆ. ಕುಡಿಯುವ ನೀರಿನ ಕೆರೆಗೆ ಬಿದ್ದರೆ ಮನೆಯಲ್ಲಿ ದೊಡ್ಡ ರಂಪಾಟ ಆದೀತು. ಸುರಂಗದ ಬಾಯಿಗೆ ಕಬ್ಬಿಣದ ಸರಳಿನ ಗೇಟು ಹಾಕಿ. ಮುಳ್ಳುಹಂದಿಯ ವಾಸನೆ ಹಿಡಿದು ನಾಯಿ ಒಳಗೆ ಹೊಕ್ಕರೆ ತಿರುಗಲು ಜಾಗ ಸಿಕ್ಕುವುದಿಲ್ಲ. ನಾವೂ ಬಾಗಿ ಹೋಗಬೇಕಾದ ಜಾಗ ಅದು, ಒಳಗೆ ಗಾಳಿಯೂ ಕಡಿಮೆ. ಗುಡ್ಡೆಯ ಮೇಲೆ ಕಲ್ಲು ಕಡಿದು ಬಿಟ್ಟ ಹೊಂಡಗಳಿದ್ದರೆ ಆ ಕಡೆಗೆ ಕರೆದುಕೊಂಡು ಹೋಗಬೇಡಿ ಎಂದು ಹೇಳಿ. ಮಳೆ ಬಂದರೆ ನೀರು ತುಂಬಿ ನಿಲ್ಲುತ್ತದೆ. ಗೋಡೆ ಕತ್ತರಿಸಿದ ಹಾಗೆ ನೇರ, ಬಿದ್ದರೆ ಮೇಲೆ ಬರಲು ಹಿಡಿತ ಇಲ್ಲ.

ಕಾರಡ್ಕ ಕಾಡಂಚು

ಚಿರತೆಯ ಬಗ್ಗೆ ಇನ್ನೂ ಯಾರೂ ಹೇಳಿಲ್ಲ.

ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆಯಲ್ಲಿ ಚಿರತೆ ಬಂದು ಅಂಗಳದ ನಾಯಿಯನ್ನು ಹೊತ್ತುಕೊಂಡು ಹೋದ ಮನೆಗಳಿವೆ. ನಾಯಿ ಚಿರತೆಗೆ ಸುಲಭದ ಬೇಟೆ. ಕಟ್ಟಿಹಾಕಿದ ನಾಯಿಗಂತೂ ಓಡಲೂ ಆಗುವುದಿಲ್ಲ. ಬಸವನಗುಡಿಯ ಅಕ್ಕ ಹೇಳಿದ ಕಾರ್ ಶೆಡ್ಡಿನ ಕಂಬ ಇದೆಯಲ್ಲ, ನಮ್ಮ ಕಡೆಯಲ್ಲಿ ಅದು ಜೀವಕ್ಕೇ ಕುತ್ತು. ಕತ್ತಲಾದ ಮೇಲೆ ನಾಯಿ ಒಳಗೇ ಇರಬೇಕು, ಬಾಗಿಲು ಹಾಕಿರಬೇಕು. ರಾತ್ರಿ ಮೂತ್ರಕ್ಕೆ ಬಿಡುವಾಗ ಹಗ್ಗ ಹಿಡಿದು, ಟಾರ್ಚ್ ಹಾಕಿ, ಬಾಗಿಲ ಹತ್ತಿರದಲ್ಲೇ ಮುಗಿಸಿ. ಪೆರ್ಲದಲ್ಲಿ ನಮ್ಮಷ್ಟು ಭಯ ಇಲ್ಲದಿರಬಹುದು, ಆದರೂ ಈ ಕ್ರಮ ಒಳ್ಳೆಯದು.

ಕಾಡುಹಂದಿಗೆ ಉರುಳು ಇಡುವವರು, ಬೇಲಿಗೆ ಕರೆಂಟು ಕೊಡುವವರು ಅಲ್ಲಲ್ಲಿ ಇದ್ದಾರೆ. ನಾಯಿ ಬಿಚ್ಚಿಕೊಂಡು ನೆರೆಯ ಜಾಗಕ್ಕೆ ಹೋದರೆ ವಾಪಸ್ ಬರುತ್ತದೆ ಎಂಬ ಧೈರ್ಯ ಇಲ್ಲ.

ರಾಣಿಪುರಕ್ಕೆ ನಾಯಿ ಕರೆದುಕೊಂಡು ಹೋಗಿ ಗುಡ್ಡ ಹತ್ತುತ್ತೇವೆ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಅದು ಆನೆ ಓಡಾಡುವ ಕಾಡು. ನಾಯಿ ಬೊಗಳಿ ಆನೆಯನ್ನು ಕೆಣಕುತ್ತದೆ, ಅದು ಅಟ್ಟಿಸಿಕೊಂಡು ಬಂದಾಗ ಓಡಿ ಬರುವುದು ಯಜಮಾನನ ಹತ್ತಿರಕ್ಕೇ.

ನೀಲೇಶ್ವರ ಕಡಲು

ತೋಟದ ಮನೆಯಲ್ಲಿ ಉಳಿದವರು ಒಂದು ದಿನ ಕಡಲಿಗೆ ಹೋಗಿಯೇ ಹೋಗುತ್ತಾರೆ. ಅದಕ್ಕೆ ನಾಲ್ಕು ಮಾತು.

ಬೇಕಲ ಕೋಟೆಯ ಒಳಗೆ ನಾಯಿ ಬಿಡುವುದಿಲ್ಲ. ಅದು ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಪ್ರಾಣಿಗಳನ್ನು ಒಳಗೆ ತರಬಾರದೆಂದು ಕಾನೂನೇ ಇದೆ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಕನ್ನಡದವರು ನೋಡದೆ ಹೋಗಬಾರದು. ಹಾಗಾಗಿ ಒಬ್ಬರು ಹೊರಗೆ ನೆರಳಿನಲ್ಲಿ ನಾಯಿ ಹಿಡಿದು ಕೂರಿ, ಉಳಿದವರು ನೋಡಿ ಬನ್ನಿ, ಆಮೇಲೆ ಬದಲಾಯಿಸಿಕೊಳ್ಳಿ. ಕಾರಿನೊಳಗೆ ಬಿಟ್ಟು ಹೋಗಬೇಡಿ. ಇಲ್ಲಿಯ ಸೆಕೆಗೆ ಕಿಟಕಿ ಸ್ವಲ್ಪ ಇಳಿಸಿದರೂ ಸಾಲುವುದಿಲ್ಲ.

ಕಡಲ ಕರೆಯಲ್ಲಿ ಹಗ್ಗ ಬಿಚ್ಚಬೇಡಿ. ಅಲ್ಲಿಯದ್ದೇ ನಾಯಿಗಳ ಗುಂಪು ಇರುತ್ತದೆ. ಬಲೆ ಬಿಡಿಸುವಾಗ ಬಿಸಾಡಿದ ಮೀನು ಮರಳಲ್ಲಿ ಬಿದ್ದಿರುತ್ತದೆ. ಹೊಟ್ಟೆ ಉಬ್ಬಿಸಿಕೊಳ್ಳುವ ಮುಳ್ಳುಮೈಯ ಮೀನು ಇದೆಯಲ್ಲ, ಅದರಲ್ಲಿ ಕಡು ವಿಷ ಇರುತ್ತದೆ. ಗಾಳವೂ ಸಿಕ್ಕಿಹಾಕಿಕೊಳ್ಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ನೀರಿಗೆ ಇಳಿಸುವ ಮಾತೇ ಇಲ್ಲ.

ಇನ್ನೊಂದು ನನಗೆ ತುಂಬಾ ಹತ್ತಿರದ ವಿಷಯ. ನೀಲೇಶ್ವರದ ತೈಕಡಪ್ಪುರಂ ಕರೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮಳೆಗಾಲ ಕಳೆದ ಮೇಲೆ, ಚಳಿಯ ತಿಂಗಳುಗಳಲ್ಲಿ, ರಾತ್ರಿ ಹೊತ್ತು. ಊರಿನವರೇ ಕಾವಲು ಕೂತು ಮೊಟ್ಟೆಗಳನ್ನು ಬೇಲಿಯೊಳಗೆ ಕಾಪಾಡಿ, ಮರಿಗಳನ್ನು ಕಡಲಿಗೆ ಬಿಡುವ ಕೆಲಸ ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ನಾಯಿ ಆ ಗೂಡು ಒಕ್ಕಿದರೆ ಒಂದೇ ಸಲಕ್ಕೆ ನೂರು ಮೊಟ್ಟೆ ಹೋಗುತ್ತದೆ. ರಾತ್ರಿ ಈ ಕರೆಗಳಿಗೆ ನಾಯಿ ತರಬೇಡಿ.

ಬದಿಯಡ್ಕದ ಅತ್ತೆ

ಮಗಾ, ನಿನ್ನ ಅಮ್ಮನ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಯಾವಾಗಲೂ ನಾಯಿ ಇದೆ. ಅದಕ್ಕೆ ಅನ್ನ ಹಾಕದೆ ನಾನು ಉಂಡದ್ದಿಲ್ಲ. ಆದರೆ ಅದು ಹೊಸ್ತಿಲು ದಾಟುವುದಿಲ್ಲ. ಅದು ಪ್ರೀತಿ ಇಲ್ಲ ಎಂದಲ್ಲ, ಮನೆಯ ಕ್ರಮ ಹಾಗೆ. ಬರುವವರಿಗೆ ನಾಯಿ ಮಗುವಿನ ಸಮ ಎಂದು ನನಗೂ ಅರ್ಥವಾಗುತ್ತದೆ, ನಮ್ಮ ಸೊಸೆಯೂ ಹಾಗೆಯೇ. ಅಮ್ಮನ ಅಡುಗೆಮನೆ, ದೇವರ ಕೋಣೆ ಇರುವ ಮನೆ ಬೇರೆ, ಅತಿಥಿಗಳ ಕಟ್ಟಡ ಬೇರೆ. ಎರಡರ ನಡುವೆ ಅಂಗಳ ಇದೆ ಎಂದೆಯಲ್ಲ. ಹಾಗಾದರೆ ಅತಿಥಿಗಳಿಗೆ ಊಟ ಅವರ ಜಗಲಿಗೇ ಕೊಡಿ. ಆಗ ನಾಯಿಯನ್ನು ಒಂಟಿಯಾಗಿ ಬಿಟ್ಟು ಅವರು ಮನೆಯೊಳಗೆ ಬಂದು ಉಣ್ಣಬೇಕಾಗಿಲ್ಲ. ಅಮ್ಮನಿಗೂ ನೆಮ್ಮದಿ.

ನಾಗಬನ, ದೈವದ ಗುಡಿ ತೋಟದಲ್ಲಿದ್ದರೆ ಬಂದ ದಿನವೇ ತೋರಿಸಿ, ಈ ಕಡೆಗೆ ಬೇಡ ಎಂದು ಹೇಳಿಬಿಡು. ಹೇಳಿದರೆ ಎಲ್ಲರೂ ಕೇಳುತ್ತಾರೆ. ಕೋಲ, ಜಾತ್ರೆ ಇರುವ ದಿನ ನಾಯಿಯವರಿಗೆ ಕೋಣೆ ಕೊಡಬೇಡ. ಕದಿನದ, ಆ ಸಿಡಿಮದ್ದಿನ ಸದ್ದಿಗೆ ನಮ್ಮ ನಾಯಿಗಳೇ ಮಂಚದಡಿ ಸೇರುತ್ತವೆ, ಪೇಟೆಯದ್ದು ಬೇಲಿ ಹಾರಿ ಓಡೀತು.

ನೀಲೇಶ್ವರ ಕಡಲು

ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಜೊತೆಗೆ ಒಂದು ಸೇರಿಸುತ್ತೇನೆ. ಇಲ್ಲಿಂದ ತೆಂಕಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಪರಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗಳಿಗೆ ತಡೆ ಇಲ್ಲ. ಬಾಗಿಲಲ್ಲಿ ಎರಡು ಕಂಚಿನ ನಾಯಿಗಳಿವೆ, ಪ್ರಸಾದ ಮೊದಲು ನಾಯಿಗೆ. ನಮ್ಮ ಜಿಲ್ಲೆಯಲ್ಲೂ ಮುತ್ತಪ್ಪನನ್ನು ನಂಬುವ ಮನೆಗಳು ತುಂಬಾ. ಒಂದೇ ನೆಲದಲ್ಲಿ ಎರಡೂ ಕ್ರಮ ಇದೆ, ಮನೆಯವರದ್ದು ಯಾವುದೋ ಅದನ್ನು ಬಂದವರು ಪಾಲಿಸಬೇಕು.

ಮಂಗಳೂರು ಪ್ರಯಾಣಿಕ

ದಾರಿಯ ಬಗ್ಗೆ ಚಿಕ್ಕದಾಗಿ. ರೈಲಿನಲ್ಲಿ ತರುವುದಾದರೆ ಫಸ್ಟ್ ಕ್ಲಾಸಿನ ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿ ಬುಕ್ ಆಗಿದ್ದರೆ ಮಾತ್ರ ನಾಯಿ ಜೊತೆಯಲ್ಲಿ ಬರಬಹುದು. ಇಲ್ಲದಿದ್ದರೆ ಗಾರ್ಡ್ ಬೋಗಿಯ ಪೆಟ್ಟಿಗೆ. ಸ್ಲೀಪರ್, ತ್ರೀ ಟಯರ್, ಟೂ ಟಯರ್ ಎ.ಸಿ.ಗೆ ಬಿಡುವುದಿಲ್ಲ. ಆ ಪೆಟ್ಟಿಗೆಯಲ್ಲಿ ರಾತ್ರಿ ಪೂರ್ತಿ ಒಂಟಿಯಾಗಿ ಕಳುಹಿಸಲು ನನಗಂತೂ ಮನಸ್ಸು ಬಾರದು. ಕಾರೇ ಒಳ್ಳೆಯದು.

ಪೆರ್ಲಕ್ಕೆ ಶಿರಾಡಿ ಇಳಿದು ಉಪ್ಪಿನಂಗಡಿ, ಪುತ್ತೂರು ಮೇಲೆ ಬರಬಹುದು. ಮಡಿಕೇರಿ ಕಡೆಯಿಂದಾದರೆ ಸಂಪಾಜೆ ಇಳಿದು ಸುಳ್ಯ, ಜಾಲ್ಸೂರು. ಎರಡರಲ್ಲೂ ತಿರುವು ಜಾಸ್ತಿ, ನಾಯಿಗೂ ವಾಂತಿ ಬರುತ್ತದೆ. ಘಾಟಿಗೆ ಮೊದಲು ಹೊಟ್ಟೆ ತುಂಬಾ ಊಟ ಹಾಕಬೇಡಿ, ನೀರು ಮಾತ್ರ ಕೊಡಿ.

ಕುಂಬಳೆಯಿಂದ

ಹಣದ ವಿಷಯ ಯಾರೂ ಮಾತಾಡಲಿಲ್ಲ. ನಾಯಿಗೆ ಬೇರೆ ಚಾರ್ಜ್ ಹಾಕಬೇಕಾ? ನನ್ನ ಪ್ರಕಾರ ಹಾಕಬೇಕು. ಕೂದಲು ಗುಡಿಸಿ, ಹೊದಿಕೆ ಒಗೆದು, ಕೋಣೆಗೆ ಒಂದು ದಿನ ಗಾಳಿ ಆಡಲು ಬಿಡಬೇಕಾಗುತ್ತದೆ.

ಜೂಲಿಯ ಮನೆ, ಬಸವನಗುಡಿ

ಕೋಣೆ ತೊಳೆಯುವ ಖರ್ಚು ಎಂದು ಒಂದು ಮೊತ್ತ ಇಟ್ಟರೆ ಯಾರೂ ಗೊಣಗುವುದಿಲ್ಲ. ಆದರೆ ದಿನಕ್ಕೆ, ತಲೆಗೆ ಇಷ್ಟು ಎಂದು ನಾಯಿಗೂ ಬಾಡಿಗೆ ಕಟ್ಟಿಸಿಕೊಂಡು, ಒಂದು ನೀರಿನ ಬಟ್ಟಲೂ ಇಡದವರನ್ನು ನೋಡಿದ್ದೇನೆ. ಅದು ಸರಿಯಲ್ಲ. ಬಾಗಿಲು ಕೆರೆದರೆ, ಹಾಸಿಗೆ ಹರಿದರೆ ಕೊಡಬೇಕಾದದ್ದು ನಾವೇ. ಅದಕ್ಕೆ ಮುಂಗಡ ತೆಗೆದುಕೊಳ್ಳಿ, ಹೋಗುವಾಗ ಇಬ್ಬರೂ ಸೇರಿ ಕೋಣೆ ನೋಡಿ ವಾಪಸ್ ಕೊಡಿ.

ತಳಿ ನೋಡಿ ಬೇಡ ಎನ್ನಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಜರ್ಮನ್ ಶೆಫರ್ಡ್ ಎಂದ ಕೂಡಲೇ ಬಾಗಿಲು ಹಾಕುವವರಿದ್ದಾರೆ. ನಮ್ಮ ಬೀದಿಯಿಂದ ತಂದು ಸಾಕಿದ ನಾಯಿಗೂ ಕೆಲವರು ಜಾಗ ಕೊಡುವುದಿಲ್ಲ. ಬೇರೆ ನಾಯಿ ಕಂಡರೆ ಹೇಗೆ, ಹೊಸಬರನ್ನು ಕಂಡರೆ ಹೇಗೆ, ಕಚ್ಚಿದ್ದು ಇದೆಯಾ ಎಂದು ಕೇಳಿ. ಉತ್ತರ ಅಲ್ಲಿ ಸಿಗುತ್ತದೆ.

ಎಣ್ಮಕಜೆ ಕೃಷಿಕ

ಕಚ್ಚಿದರೆ ಜವಾಬ್ದಾರಿ ಯಾರದ್ದು ಎಂದು ಬರೆಸಿಕೊಳ್ಳುವುದು ಒಳ್ಳೆಯದು. ನಾಯಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಯಾರಿಗಾದರೂ ಗಾಯವಾದರೆ ಈಗಿನ ನ್ಯಾಯ ಸಂಹಿತೆಯಲ್ಲೂ ಶಿಕ್ಷೆ ಇದೆ. ಕಚ್ಚಿದ ಜಾಗವನ್ನು ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು ಎಂದು ಜಗಲಿಯಲ್ಲಿ ಬರೆದು ಹಾಕಿ. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಲೈಸೆನ್ಸ್ ಬೇಕು, ಬೊಗ್ಗನದ್ದು ಮಾಡಿಸಿಕೊಳ್ಳಿ. ನೆರೆಕರೆಯಿಂದ ದೂರು ಬಂದರೆ ಮೊದಲು ಕೇಳುವುದು ಅದನ್ನೇ.

ಮುಳ್ಳೇರಿಯ ಪಶುವೈದ್ಯೆ

ಬೊಗ್ಗನ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಮನೆಯ ನಾಯಿಯನ್ನು ಕಟ್ಟಿಹಾಕಿ, ಅದರ ಕಣ್ಣೆದುರಿಗೆ ಬೇರೆ ನಾಯಿಯನ್ನು ಅಂಗಳಕ್ಕೆ ಇಳಿಸುತ್ತಾರಲ್ಲ, ಜಗಳ ಶುರುವಾಗುವುದೇ ಅಲ್ಲಿ. ಎರಡನ್ನೂ ಮನೆಯಿಂದ ಹೊರಗೆ, ರಸ್ತೆ ಬದಿಯಲ್ಲಿ ಭೇಟಿ ಮಾಡಿಸಿ. ಇಬ್ಬರು ಹಗ್ಗ ಹಿಡಿದು ದೂರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ. ಹಗ್ಗ ಬಿಗಿ ಹಿಡಿಯಬೇಡಿ. ಮೈ ಸಡಿಲವಾಗಿದ್ದರೆ ನಿಧಾನಕ್ಕೆ ಹತ್ತಿರ ಬಂದು, ಜೊತೆಯಾಗಿಯೇ ಗೇಟಿನೊಳಗೆ ಬನ್ನಿ. ಕೂದಲು ನಿಮಿರಿ, ದಿಟ್ಟಿಸಿ ನೋಡುತ್ತಿದ್ದರೆ ಒತ್ತಾಯ ಬೇಡ. ಆ ಎರಡು ದಿನ ಬೇಲಿಯ ಆಚೆ ಈಚೆ ಇರಲಿ. ಬೊಗ್ಗನ ಊಟದ ಜಾಗ, ಮಲಗುವ ಜಾಗ ಮಾತ್ರ ಯಾವ ಅತಿಥಿಗೂ ಬಿಟ್ಟುಕೊಡಬೇಡಿ. ಎರಡಕ್ಕೂ ಒಂದೇ ಹೊತ್ತಿಗೆ ಹತ್ತಿರದಲ್ಲಿ ಊಟ ಹಾಕಬೇಡಿ.

ಹಾವಿನ ಬಗ್ಗೆ ಒಂದು. ನಾಗರ, ಕೊಳಕುಮಂಡಲ ಕಚ್ಚಿದರೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ. ಆದರೆ ಅದು ಎಲ್ಲ ಕಡೆ ಇರುವುದಿಲ್ಲ. ಹತ್ತಿರದ ಯಾವ ಡಾಕ್ಟರ ಬಳಿ ಸಿಗುತ್ತದೆ, ರಾತ್ರಿ ಯಾರು ಫೋನ್ ಎತ್ತುತ್ತಾರೆ ಎಂದು ಈಗಲೇ ವಿಚಾರಿಸಿ ನಂಬರ್ ಕೋಣೆಯ ಗೋಡೆಗೆ ಅಂಟಿಸಿ.

ಪೆರ್ಲದ ತೋಟ

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಕಟ್ಟಡದ ಹಿಂದೆ ಬಾಳೆ ಇದ್ದ ಜಾಗಕ್ಕೆ ಬಲೆ ಬೇಲಿ ಹಾಕುತ್ತೇವೆ. ಅಲ್ಲಿಗೆ ಗೊಬ್ಬರ, ಮದ್ದು ಏನೂ ಬರುವುದಿಲ್ಲ. ಮುಂದಿನ ಅಂಗಳದಲ್ಲಿ ಹಗ್ಗ ಕಡ್ಡಾಯ. ಸುರಂಗದ ಕೆರೆಗೆ ಗೇಟು ಮಾಡಲು ಹೇಳಿ ಆಯಿತು. ಕೋಣೆಯೊಳಗೆ ನಾಯಿ ಇರಬಹುದು, ಕತ್ತಲಾದ ಮೇಲೆ ಒಳಗೇ ಇರಬೇಕು. ಊಟ ಅವರ ಜಗಲಿಗೆ. ಇದಕ್ಕೆ ಅಮ್ಮ ಕೂಡಲೇ ಒಪ್ಪಿದರು, ನಾಯಿಗೆ ಉಪ್ಪು, ನೀರುಳ್ಳಿ ಹಾಕದ ಅನ್ನ ಮೊಸರು ಬೇರೆ ತೆಗೆದಿಡುತ್ತೇನೆ ಎಂದೂ ಹೇಳಿದರು. ಒಂದು ಸಲಕ್ಕೆ ನಾಯಿ ಇರುವ ಒಂದೇ ಕುಟುಂಬ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿಯವರಿಗೆ ಕೊಡುವುದಿಲ್ಲ. ಮದ್ದು ಬಿಡುವ ಕಾಲ, ಜಿಗಣೆ, ಜೊತೆಗೆ ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಒದ್ದೆ ನಾಯಿ ಒಣಗುವುದೇ ಇಲ್ಲ. ಮಾರ್ಚ್ ಕಳೆದ ಮೇಲೆ ಪಗ್‌ನಂಥ ಚಪ್ಪಟೆ ಮೂಗಿನವು, ಹಸ್ಕಿಯಂಥ ದಪ್ಪ ಕೂದಲಿನವು ಬೇಡ ಎಂದು ಹೇಳುತ್ತೇವೆ, ಇಲ್ಲಿಯ ಸೆಕೆ ಅವಕ್ಕೆ ಆಗುವುದಿಲ್ಲ.

ಜೂಲಿಯ ಮನೆ, ಬಸವನಗುಡಿ

ಡಿಸೆಂಬರ್‌ನಲ್ಲಿ ಮೂರು ದಿನ ನಮಗೆ ಸಿಗುತ್ತದಾ? ಜೂಲಿಗೆ ವಯಸ್ಸಾಗಿದೆ, ಜಾಸ್ತಿ ಓಡುವುದಿಲ್ಲ. ಪೊಸಡಿಗುಂಪೆಗೆ ಬೆಳಿಗ್ಗೆ ಹೊತ್ತು ಕರೆದುಕೊಂಡು ಹೋಗಬಹುದಾ?

ಪೆರ್ಲದ ತೋಟ

ಸಿಗುತ್ತದೆ ಅಕ್ಕ. ತಾರೀಕು ಹೇಳಿ, ಆ ವಾರ ಹತ್ತಿರದಲ್ಲಿ ಕೋಲ ಇದೆಯಾ ಎಂದು ನೋಡಿ ತಿಳಿಸುತ್ತೇನೆ. ಪೊಸಡಿಗುಂಪೆ ಬಯಲು ಗುಡ್ಡೆ, ಬಿಸಿಲು ಏರುವ ಮೊದಲು ಹೋಗಿ ಬರಬಹುದು. ದನ ಮೇಯುತ್ತಿರುತ್ತವೆ, ಹಗ್ಗ ಇರಲಿ. ಲಸಿಕೆ ಪುಸ್ತಕದ ಫೋಟೋ ಕಳುಹಿಸಿ, ಉಣ್ಣಿ ಮದ್ದು ಮರೆಯಬೇಡಿ. ಸಂಜೆ ನಾಲ್ಕು ಗಂಟೆಗೆ ಮೊದಲು ತಲುಪುವ ಹಾಗೆ ಹೊರಡಿ. ಬೊಗ್ಗನನ್ನು ಕರೆದುಕೊಂಡು ರಸ್ತೆಗೇ ಬರುತ್ತೇನೆ, ಅಲ್ಲಿಂದ ಜೊತೆಯಲ್ಲಿ ನಡೆದು ಬರೋಣ.